ಹಳೇ ಫೋಟೋ ರಿಪೇರಿಗೆ ತುಮಕೂರಲ್ಲಿ ಒಂದು ನಂಬಿಕಸ್ಥ ಸ್ಟುಡಿಯೋ

ತುಮಕೂರಿನ ಟೌನ್‌ಹಾಲ್ ಸರ್ಕಲ್ ಹತ್ತಿರದ ಒಂದು ಗಲ್ಲಿಯಲ್ಲಿ ಈ ಸ್ಟುಡಿಯೋ ಇದೆ. ಮುಂದೆ ಪಾಸ್‌ಪೋರ್ಟ್ ಫೋಟೋ, ಜೆರಾಕ್ಸ್. ಒಳಗಿನ ಪುಟ್ಟ ರೂಮಲ್ಲಿ ಓನರ್ ಹಳೇ ಫೋಟೋ ಸರಿ ಮಾಡುತ್ತಾರೆ. ಮನೆಯಲ್ಲಿ ಹಾಳಾದ ಫೋಟೋ ಇದ್ದರೆ ಕಣ್ಣು ಮುಚ್ಚಿಕೊಂಡು ಇವರ ಕೈಗೆ ಕೊಡಬಹುದು.

ನನ್ನ ಹತ್ತಿರ ಅಮ್ಮನದು ಅಂತ ಇರುವುದು ಒಂದೇ ಫೋಟೋ. ಸಿದ್ಧಗಂಗೆ ಜಾತ್ರೆಯಲ್ಲಿ ತೆಗೆಸಿದ್ದು. ಶಿವರಾತ್ರಿ ಹೊತ್ತಿಗೆ ಅಲ್ಲಿ ದನದ ಜಾತ್ರೆ, ವಸ್ತು ಪ್ರದರ್ಶನ ನಡೆಯುತ್ತದಲ್ಲ, ಆಗ ಪರದೆ ಕಟ್ಟಿಕೊಂಡು ಫೋಟೋ ತೆಗೆಯುತ್ತಿದ್ದರು. ಪರದೆ ಮೇಲೆ ಕೊಳ, ಎರಡು ಹಂಸ. ಅಮ್ಮನ ಸೊಂಟದ ಮೇಲೆ ನಾನು. ಅದಾಗಿ ವರ್ಷ ತುಂಬುವುದರೊಳಗೆ ನನ್ನನ್ನು ಗುಬ್ಬಿ ಹತ್ತಿರದ ಅಜ್ಜಿ ಮನೆಯಲ್ಲಿ ಬಿಟ್ಟು ಹೊರಟುಹೋದಳು. ಎಲ್ಲಿಗೆ, ಯಾಕೆ, ಯಾರೂ ಹೇಳಲಿಲ್ಲ. ಕೇಳಿದರೆ ಅಜ್ಜಿ "ಅವಳ ಸುದ್ದಿ ಎತ್ತಬೇಡ" ಅನ್ನುತ್ತಿದ್ದಳು. ಫೋಟೋ ಮಾತ್ರ ಗೋಡೆಯಿಂದ ಇಳಿಸಲಿಲ್ಲ.

ಆ ಗೋಡೆಗೆ ಮಳೆಗಾಲದಲ್ಲಿ ನೀರಿಳಿಯುತ್ತಿತ್ತು. ಫೋಟೋ ಗಾಜಿಗೆ ಅಂಟಿತು. ಅಂಟಿದ್ದು ಸರಿಯಾಗಿ ಅಮ್ಮನ ಮುಖಕ್ಕೆ. ಬಾಯಿ, ಒಂದು ಕೆನ್ನೆ ಪೂರ್ತಿ ಹೋಗಿದೆ. ಉಳಿದದ್ದೆಲ್ಲ ಕೆಂಪಗೆ ಮಾಸಿದೆ.

ಮೊದಲು ಬೇರೊಂದು ಕಡೆ ಕೊಟ್ಟಿದ್ದೆ. ಯಾವುದೋ ಆ್ಯಪ್‌ಗೆ ಹಾಕಿ ಅರ್ಧ ಗಂಟೆಯಲ್ಲಿ ಪ್ರಿಂಟ್ ಕೊಟ್ಟರು. ನುಣ್ಣನೆ ಮುಖ, ಬಣ್ಣ ಹಚ್ಚಿದಂಥ ತುಟಿ, ನಗು. ನೋಡಿ ಎದೆ ಧಸಕ್ ಅಂತು. ಅವಳು ಯಾರೋ. ಅಮ್ಮ ಆವತ್ತು ನಕ್ಕಿದ್ದಳೋ ಇಲ್ಲವೋ ನನಗೇ ಗೊತ್ತಿಲ್ಲ, ಆ್ಯಪ್‌ಗೆ ಹೇಗೆ ಗೊತ್ತಾಗಬೇಕು?

ಇಲ್ಲಿನ ಓನರ್ ಫೋಟೋನ ಗಾಜಿನಿಂದ ಕೀಳೋಕೇ ಹೋಗಲಿಲ್ಲ. ಫೋಟೋ ಮೇಲ್ಪದರದಲ್ಲಿ ಜೆಲಟಿನ್ ಇರುತ್ತದೆ, ತೇವಕ್ಕೆ ಮೆತ್ತಗಾಗಿ ಗಾಜನ್ನು ಕಚ್ಚಿಕೊಳ್ಳುತ್ತದೆ, ಎಳೆದರೆ ಚಿತ್ರವೇ ಕಿತ್ತು ಬರುತ್ತದೆ ಅಂದರು. ಗಾಜಿನ ಸಮೇತ 1200 ಡಿಪಿಐನಲ್ಲಿ, ಅಂದರೆ ಸಣ್ಣ ವಿವರವೂ ಕಾಣುವಷ್ಟು ಸೂಕ್ಷ್ಮವಾಗಿ ಸ್ಕ್ಯಾನ್ ಮಾಡಿ, ಕೆಂಪು ಇಳಿಸಿದರು. ಅಮ್ಮನ ಸೀರೆ ಹಸಿರು ಅಂತ ನನಗೆ ಗೊತ್ತಾಗಿದ್ದು ಆವತ್ತೇ.

ಮುಖದ ವಿಷಯ ಬಂದಾಗ ನೇರವಾಗಿ ಹೇಳಿದರು. "ಬಾಯಿ ಹತ್ರ ಏನೂ ಉಳಿದಿಲ್ಲ ಸಾರ್. ನಾನು ಬೇರೆ ಬಾಯಿ ಕೂರಿಸಿದ್ರೆ ನೀವು ಜೀವಮಾನವೆಲ್ಲಾ ಅದೇ ನಿಮ್ಮಮ್ಮಂದು ಅನ್ಕೋತೀರ. ಬೇಡ." ಅಷ್ಟು ಜಾಗ ತಿಳಿ ಬಣ್ಣದಲ್ಲಿ ಹಾಗೇ ಬಿಟ್ಟರು. ಇದಕ್ಕೇ ನಾನು ಇವರಿಗೆ ಕೈ ಮುಗಿಯುತ್ತೇನೆ.

ಧೂಳಿನ ಚುಕ್ಕೆ ಒಂದೊಂದಾಗಿ ತೆಗೆಯುವಾಗ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡರು. "ಈ ಕೈ ನೋಡಿ ಸಾರ್" ಅಂದರು. ಫೋಟೋದಲ್ಲಿ ನನ್ನ ಅಂಗಿ ಮೇಲೆ ಸರಿದಿದೆ. ಅಮ್ಮ ತೋರುಬೆರಳನ್ನು ನನ್ನ ಉಡಿದಾರದೊಳಗೆ ತೂರಿಸಿ, ದಾರವನ್ನು ಒಂದು ಸುತ್ತು ಸುತ್ತಿ ಹಿಡಿದಿದ್ದಾಳೆ. ಬಿಗಿಗೆ ಬೆರಳ ತುದಿ ಬೆಳ್ಳಗಾಗಿದೆ. ಗೋಡೆ ಮೇಲೆ ಇಷ್ಟು ವರ್ಷ ನೋಡಿದರೂ ಇದು ಕಂಡಿರಲಿಲ್ಲ. ಬಿಟ್ಟು ಹೋದವಳು ಅಂತಲೇ ಕೇಳಿ ಬೆಳೆದವನು ನಾನು. ಅಲ್ಲೇ ಅತ್ತುಬಿಟ್ಟೆ. ಅವರು ಏನೂ ಕೇಳಲಿಲ್ಲ. ಹುಡುಗನನ್ನು ಕಳಿಸಿ ಟೀ ತರಿಸಿದರು.

ಸಿಟ್ಟು ಹೋಯಿತು ಅಂತ ಹೇಳಲ್ಲ. ಆದರೆ ಅವಳು ಎಲ್ಲಿದ್ದರೂ ಒಂದ್ಸಲ ಎದುರು ಕೂತು ಮಾತಾಡಬೇಕು, ಆ ಬಾಯಿ ಹೇಗಿದೆ ಅಂತ ನೋಡಬೇಕು ಅನ್ನುವ ಆಸೆ ಮೊದಲಿಗಿಂತ ಜಾಸ್ತಿಯಾಗಿದೆ.

ಸ್ಕ್ಯಾನ್, ರಿಪೇರಿ, ದೊಡ್ಡ ಪ್ರಿಂಟ್ ಎಲ್ಲ ಸೇರಿ 1,100 ರೂಪಾಯಿ ಆಯಿತು. ಕೆಲಸ ನಿಧಾನ, ಹೇಳಿದ ದಿನಕ್ಕೆ ಸಿಗಲಿಲ್ಲ. ಫೋನ್ ಎತ್ತುವುದೂ ಕಮ್ಮಿ. ಅವರ ಫ್ರೇಮ್‌ಗಳು ನನಗೆ ಹಿಡಿಸಲಿಲ್ಲ, ಬರೀ ಮಿರಿಮಿರಿ ಗೋಲ್ಡ್. ಪ್ರಿಂಟ್ ಮಾತ್ರ ಇಲ್ಲಿ ತೆಗೆದುಕೊಳ್ಳಿ, ಫೈಲನ್ನು ಪೆನ್‌ಡ್ರೈವ್‌ಗೂ ಹಾಕಿಕೊಡುತ್ತಾರೆ. ಸಂಜೆ ಜನ ಜಾಸ್ತಿ, ಬೆಳಿಗ್ಗೆ ಹೋಗಿ. ಫೋಟೋ ಗಾಜಿಗೆ ಅಂಟಿದ್ದರೆ ಮನೆಯಲ್ಲಿ ಬಿಡಿಸೋಕೆ ಹೋಗಬೇಡಿ, ಫ್ರೇಮ್ ಸಮೇತ ತೆಗೆದುಕೊಂಡು ಹೋಗಿ.