ಬ್ರೀಚ್ ಹೆರಿಗಿ ಕಲಿಸೋದು: ಬೊಂಬಿ, ಮ್ಯಾನಿಕಿನ್, ಸಿಸೇರಿಯನ್ ಟೇಬಲ್, ಯಾವ್ದು ಕೈಗೆ ಹತ್ತತದ?

ಸಿಂಧನೂರು, ಮಾನ್ವಿ, ದೇವದುರ್ಗ ಕಡೆ ಡ್ಯೂಟಿ ಮಾಡೋ ಡಾಕ್ಟರ್‌ಗಳಿಗೆ ಇದು ಬರೀ ವೈವಾ (ಬಾಯಿಪರೀಕ್ಷಿ) ಪ್ರಶ್ನೆ ಅಲ್ಲ. ದಿನ ತುಂಬಿದವ್ರಾಗ ನೂರಕ್ಕ ಮೂರ್ನಾಲ್ಕು ಮಂದಿಗೆ ಕೂಸಿನ ಕುಂಡಿ ಇಲ್ಲಾ ಕಾಲು ಮುಂದಿರ್ತದ, ಇದಕ್ಕೇ ಬ್ರೀಚ್ ಅನ್ನೋದು, ಸ್ಕ್ಯಾನಿಂಗ್‌ನ್ಯಾಗ ಗೊತ್ತಾದ್ರ ಹೆಚ್ಚಿನವ್ರಿಗೆ ಸಿಸೇರಿಯನ್ ಆಗ್ತದ ಖರೆ, ಆದ್ರ ಗರ್ಭಕೋಶದ ಬಾಯಿ ಪೂರ್ತಿ ತೆರದು ಕುಂಡಿ ಕಾಣೋ ಹೊತ್ತಿಗೆ ಬಂದಾಕಿನ್ನ ಏನ್ ಮಾಡೋದು, ಅನಸ್ತೀಶಿಯಾದವ್ರು ಬರೋ ತನ ಕಾಯಾಕ ಆಗಂಗಿಲ್ಲ, ರಾಯಚೂರಿಗೆ ಕಳಿಸಿದ್ರ ದಾರ್ಯಾಗೇ ಹೆರಿಗಿ.

2000ರಾಗ ವೈದ್ಯಕೀಯ ಪತ್ರಿಕಿ ಲ್ಯಾನ್ಸೆಟ್‌ನ್ಯಾಗ ಟರ್ಮ್ ಬ್ರೀಚ್ ಟ್ರಯಲ್ ಅನ್ನೋ ಅಧ್ಯಯನ ಬಂತು, 26 ದೇಶ, 2088 ತಾಯಂದಿರು. ಕೂಸಿನ ಸಾವು ಅಥವಾ ಗಂಭೀರ ತೊಂದ್ರಿ ಪ್ಲಾನ್ಡ್ (ಮೊದ್ಲೇ ಗೊತ್ತು ಮಾಡಿದ) ಸಿಸೇರಿಯನ್‌ನ್ಯಾಗ 1.6%, ಪ್ಲಾನ್ಡ್ ನಾರ್ಮಲ್‌ನ್ಯಾಗ 5% ಅಂತ ಬಂದಿದ್ದೇ ತಡ ಎಲ್ಲಾ ಕಡೆ ಸಿಸೇರಿಯನ್ ಶುರು. 2004ರಾಗ ಅದೇ ಟ್ರಯಲ್‌ನ ಎರಡು ವರ್ಷದ ಫಾಲೋಅಪ್‌ನ್ಯಾಗ ಸಾವು ಮತ್ತ ಬೆಳವಣಿಗಿ ತೊಂದ್ರಿ ಸೇರಿಸಿ ನೋಡಿದ್ರ ಫರಕು ಕಾಣಲಿಲ್ಲ, ಆದ್ರ ಅಷ್ಟೊತ್ತಿಗೆ ರೂಢಿ ಬದಲಾಗಿತ್ತು. ಈಗಿನ ಪಿಜಿ (ಸ್ನಾತಕೋತ್ತರ) ಡಾಕ್ಟರ್‌ಗಳಿಗೆ ಲೇಬರ್ ರೂಮಿನ್ಯಾಗ ಬ್ರೀಚ್ ನೋಡೋದೇ ಅಪರೂಪ.

ನಾನು ಜೂನಿಯರ್‌ಗಳಿಗೆ ಮೂರೂ ರೀತಿ ಕಲಿಸಿ ನೋಡೀನಿ.

ಬೊಂಬಿ ಮತ್ತ ಮೂಳಿ ಪೆಲ್ವಿಸ್ (ಸೊಂಟದ ಎಲುಬಿನ ಗೂಡು) ಹಿಡ್ದು ಕ್ಲಾಸ್ ಮಾಡೋದು ಖರ್ಚಿಲ್ಲದ್ದು, ಡಯಾಮೀಟರ್ (ಅಳತಿ), ರೊಟೇಶನ್ (ಕೂಸು ತಿರುಗೋದು) ತಲೀಗೆ ಹೋಗ್ತಾವ. ಅಷ್ಟೇ. ಮರುವಾರ ಲೊವ್ಸೆಟ್ (ಕೂಸಿನ ಮೈ ತಿರುಗ್ಸಿ ತೋಳು ಬಿಡ್ಸೋ ಪದ್ಧತಿ) ಮಾಡಿ ತೋರ್ಸ್ರಿ ಅಂದ್ರ ಬಾಯಿಂದ ಹೇಳ್ತಾರ, ಕೈ ಓಡಂಗಿಲ್ಲ.

ಸಿಸೇರಿಯನ್ ಟೇಬಲ್ ಮ್ಯಾಲೆ ಕಲಿಯೋದು ಭಾಳ ಮಂದಿ ಮರೆತಿರೋ ಶಾಲಿ. ಬ್ರೀಚ್‌ಗೆ ಸಿಸೇರಿಯನ್ ಮಾಡುವಾಗ ಸೀನಿಯರ್ ಎದುರಿಗಿದ್ರೆ ಜೂನಿಯರ್ ಕೈಯಾಗೇ ಕೂಸು ತೆಗೆಸಬಹುದು, ಹೊಟ್ಟಿ ಹಿಡೀದೆ ಸೊಂಟದ ಎಲುಬು ಹಿಡಿಯೋದು, ಒದ್ದಿ ಜಾರೋ ಮೈಗೆ ಬಟ್ಟಿ ಸುತ್ತೋದು, ಕೂಸಿನ ಬೆನ್ನು ಮ್ಯಾಲಕ್ಕ ಇರೋ ಹಂಗ ಇಟ್ಕೊಂಡು ತಿರುಗ್ಸಿ ತೋಳು ಬಿಡ್ಸೋದು, ಆಮ್ಯಾಲೆ ಕೆನ್ನಿ ಎಲುಬಿಗೆ ಬೆರಳಿಟ್ಟು ತಲಿ ಬಗ್ಗಿಸೋ ಮೊರಿಸೋ ಪದ್ಧತಿ, ಇದೆಲ್ಲಾ ಜೀವಂತ ಕೂಸಿನ ಮ್ಯಾಲೇ ಕಲಿಯಾಕ ಸಿಗ್ತದ, ಯಾವ ಪ್ಲಾಸ್ಟಿಕ್ಕೂ ಆ ಸ್ಪರ್ಶ ಕೊಡಂಗಿಲ್ಲ. ಆದ್ರ ಇದ್ರಾಗ ಒಂದು ಅಪಾಯ ಅದ, ಇದನ್ನ ಯಾರೂ ಜೋರಾಗಿ ಹೇಳಂಗಿಲ್ಲ ಅನ್ನೋದೇ ನನಗ ಸಂಕಟ: ಇಲ್ಲಿ ಕೂಸನ್ನ ನಾವೇ ಎಳೀತೀವಿ, ಕೈಗೆ ಎಳೆಯೋ ಚಟ ಹತ್ತತದ. ಲೇಬರ್ ರೂಮಿನ್ಯಾಗ ಸುಮ್ಸುಮ್ನೆ ಎಳೆದ್ರ ತೋಳು ತಲಿ ಮ್ಯಾಲಕ್ಕ ಹೋಗ್ತಾವ, ಗದ್ದ ಎದಿ ಬಿಟ್ಟು ಮ್ಯಾಲೆದ್ದು ತಲಿ ಸಿಕ್ಕೊಳ್ತದ.

ಮ್ಯಾನಿಕಿನ್ (ಹೆರಿಗಿ ಅಭ್ಯಾಸಕ್ಕ ಮಾಡಿದ ತಾಯಿ-ಕೂಸಿನ ಮಾದರಿ) ಡ್ರಿಲ್ ಗೆಲ್ಲೋದು ಇಲ್ಲೇ. ಹೊಕ್ಕಳು ಕಾಣೋ ತನ ಕೈ ಹಚ್ಚಬ್ಯಾಡ್ರಿ, ತಾಯಿನೇ ಮುಕ್ಕಲಿ ಅಂತ ನಿಲ್ಲಿಸಿ ಅಭ್ಯಾಸ ಮಾಡಿಸಬಹುದು. ತೋಳು ಹೊರಗ ಬಂದ ಮ್ಯಾಲೆ ಕತ್ತಿನ ಹಿಂದಿನ ಕೂದಲು ಕಾಣೋ ತನ ಮೈ ಭಾರಕ್ಕೇ ಬಿಟ್ಟು ಕಾಯೋ ಹೊತ್ತದಲ್ಲ, ಅದು ಕಮ್ಮಿ ಹೊತ್ತೇ, ಆದ್ರೂ ಹೊಸಬರ ಕೈ ತಡೀಲಾರದು, ಅದನ್ನ ಮತ್ತ ಮತ್ತ ಮಾಡ್ಸಿದ್ರನೇ ರೂಢಿ ಆಗೋದು. ಮತ್ತ ಡ್ರಿಲ್‌ನ್ಯಾಗ ಸಿಸ್ಟರ್‌ಗಳನ್ನ ಸೇರಿಸಲೇಬೇಕು. ಕಿಬ್ಬೊಟ್ಟಿ ಮ್ಯಾಲೆ ಒತ್ತೋರು ಯಾರು, ಟೈಮ್ ಕೂಗೋರು ಯಾರು, ಕೂಸಿಗೆ ಉಸಿರು ಕೊಡೋ ಬ್ಯಾಗ್ ಮಾಸ್ಕ್ ರೆಡಿ ಇಡೋರು ಯಾರು, ಇದು ಮೊದ್ಲೇ ಗೊತ್ತಿರಬೇಕು. ಕೊರತಿ ಏನಂದ್ರ ರಬ್ಬರ್ ಕೂಸು ಬಿರುಸು, ಜಾರಂಗಿಲ್ಲ.

ಮಂಡಿಯೂರಿ ಕೂಡ್ಸಿ ಮಾಡೋ ಫ್ರಾಂಕ್‌ಫರ್ಟ್ ಪದ್ಧತಿನೂ ಮ್ಯಾನಿಕಿನ್ ಮ್ಯಾಲೆ ಮಾಡ್ಸಿ ನೋಡೀನಿ, ಚಲೋ ಅದ, ಆದ್ರ ಅದ್ರಾಗ ಕೂಸು ಕಾಣೋ ದಿಕ್ಕೇ ಬ್ಯಾರೆ, ನಮ್ಮ ಸಿಬ್ಬಂದಿಗೆ ಮಲಗಿಸಿದ್ದೇ ರೂಢಿ, ಹಂಗಾಗಿ ಮೊದ್ಲು ಅದೇ ಗಟ್ಟಿ ಆಗಲಿ ಅಂತೀನಿ.

ನನ್ನ ಆಯ್ಕಿ ಮ್ಯಾನಿಕಿನ್, ಸಿಸೇರಿಯನ್ ಟೇಬಲ್ ಅದರ ಹಿಂದ, ಮುಂದಲ್ಲ. ಮೊದ್ಲು ಕಾಯೋದು ಬಂದವ್ರಿಗೆ ಮಾತ್ರ ಟೇಬಲ್ ಮ್ಯಾಲೆ ಕೂಸು ಕೊಡ್ತೀನಿ. ದುಡ್ಡಿಲ್ಲದ ತಾಲೂಕು ಆಸ್ಪತ್ರಿಯವ್ರು ಹಳೇ ಪೆಲ್ವಿಸ್‌ಗೆ ಬಟ್ಟಿ ಬೊಂಬಿ ಹಾಕಿ ಆದ್ರೂ ಸರಿ, ತಿಂಗಳಿಗೊಮ್ಮಿ ನೈಟ್ ಡ್ಯೂಟಿ ಸಿಸ್ಟರ್‌ಗಳನ್ನೂ ನಿಲ್ಲಿಸಿ ಡ್ರಿಲ್ ಮಾಡ್ಸ್ರಿ.