ಕ್ರೀಟ್‌ನಲ್ಲಿ ಬಾಡಿಗೆ ಕಾರು ತಗೊಳ್ಳುವ ಮುಂಚೆ ಇದನ್ನು ಓದಿ

ಗ್ರೀಸ್‌ನ ಕ್ರೀಟ್ ದ್ವೀಪಕ್ಕೆ ಹೋಗುವ ಯೋಚನೆ ಇದ್ದವರು, ಅದರಲ್ಲೂ ಅಲ್ಲಿ ಕಾರು ಬಾಡಿಗೆಗೆ ತಗೊಳ್ಳಬೇಕು ಅಂತಿರುವವರು ದಯವಿಟ್ಟು ಪೂರ್ತಿ ಓದಿ. ಕಾರು ವಾಪಸ್ ಕೊಟ್ಟ ದಿನ ನಮ್ಮ ಕಾರ್ಡಿನಿಂದ 740 ಯೂರೋ ಎಳೆದುಕೊಂಡರು. ಅದು ಇನ್ನೂ ಬಂದಿಲ್ಲ.

ಕಾರು ಬೇಕೇ ಬೇಕಾ ಅಂತ ಕೇಳಬಹುದು. ಕ್ರೀಟ್ ಸಣ್ಣ ದ್ವೀಪವಲ್ಲ, ಈ ತುದಿಯಿಂದ ಆ ತುದಿಗೆ ಸುಮಾರು 260 ಕಿಲೋಮೀಟರ್. ನಾವು ವಿಮಾನ ಇಳಿದ ಹೆರಾಕ್ಲಿಯನ್‌ನಿಂದ ಹನಿಯಾ ಊರಿಗೇ ಹತ್ತಿರ ಹತ್ತಿರ 140 ಕಿಲೋಮೀಟರ್. ಎಲ್ಲರೂ ಫೋಟೋ ನೋಡಿ ಆಸೆಪಡುವ ಬಾಲೋಸ್ ಬೀಚ್ ಅದಕ್ಕೂ ಆಚೆ, ಪಶ್ಚಿಮದ ತುದಿಯಲ್ಲಿದೆ. ಮಗು ಬೇರೆ ಜೊತೆಗಿತ್ತು.

ಬೆಂಗಳೂರಿನಲ್ಲಿದ್ದಾಗಲೇ ಒಂದು ಬುಕಿಂಗ್ ಸೈಟಿನಲ್ಲಿ ಕಾರು ಕಾದಿರಿಸಿ, ಅಲ್ಲೇ 'ಫುಲ್ ಪ್ರೊಟೆಕ್ಷನ್' ಅಂತ ಇನ್ಶೂರೆನ್ಸಿಗೂ ದುಡ್ಡು ಕಟ್ಟಿದ್ದೆವು. ಏರ್‌ಪೋರ್ಟಿನಲ್ಲಿ ಕಾರು ಕೊಡುವ ಬಾಡಿಗೆ ಕಂಪನಿಯ ಕೌಂಟರಿನ ಹುಡುಗ ಅದನ್ನು ನೋಡಿ ತಲೆ ಅಲ್ಲಾಡಿಸಿದ. ಅದು ಸೈಟಿನವರ ಇನ್ಶೂರೆನ್ಸ್, ನಮ್ಮದಲ್ಲ ಅಂದ. ಅಂದರೆ ಗಾಡಿಗೆ ಏನಾದರೂ ಆದರೆ ಮೊದಲು ಇವರಿಗೆ ನಾವೇ ದುಡ್ಡು ಕೊಡಬೇಕು, ಆಮೇಲೆ ಸೈಟಿನವರ ಹತ್ತಿರ ಕೇಳಿ ಪಡೆಯಬೇಕು. ಹಾಗಾಗಿ ಕ್ರೆಡಿಟ್ ಕಾರ್ಡಿನಲ್ಲಿ 1,500 ಯೂರೋ ಬ್ಲಾಕ್ ಮಾಡುತ್ತೇವೆ, ಬೇಡ ಅಂದರೆ ನಮ್ಮ ಫುಲ್ ಇನ್ಶೂರೆನ್ಸ್ ತಗೊಳ್ಳಿ ಅಂದ. ಅಷ್ಟು ದೊಡ್ಡ ಮೊತ್ತ ಬ್ಲಾಕ್ ಆದರೆ ಪ್ರವಾಸದ ಖರ್ಚಿಗೆ ಏನು ಮಾಡೋದು? ತಗೊಂಡೆವು.

ಸಹಿ ಹಾಕುವ ಮುಂಚೆ ಕಾಗದ ನಾನೇ ಓದಿದೆ. "ರೀ, ಟೈರು, ಗಾಡಿಯ ಅಡಿಭಾಗ ಸೇರಲ್ಲ ಅಂತ ಬರೆದಿದೆ ನೋಡಿ" ಅಂದೆ. ನಮ್ಮನೆಯವರು ಕೇಳಿದ್ದಕ್ಕೆ ಆ ಹುಡುಗ ನಗುತ್ತಾ, ಅದೆಲ್ಲ ಸುಮ್ನೆ ಫಾರ್ಮಾಲಿಟಿ ಅಂದ. ಬಾಲೋಸ್‌ಗೆ ಹೋಗ್ತೀವಿ ಅಂತಲೂ ಹೇಳಿದೆವು. ನೋ ಪ್ರಾಬ್ಲಂ, ಎಲ್ಲರೂ ಹೋಗ್ತಾರೆ ಅಂದ. ಈ ಮಾತು ಯಾವ ಕಾಗದದಲ್ಲೂ ಇಲ್ಲ. ನಮಗೆ ಹೊಡೆತ ಬಿದ್ದಿದ್ದು ಅಲ್ಲೇ.

ಕಲಿವಿಯಾನಿ ಅನ್ನುವ ಹಳ್ಳಿ ದಾಟಿದ ಮೇಲೆ ಬಾಲೋಸ್‌ನ ಪಾರ್ಕಿಂಗ್‌ವರೆಗೆ ಸುಮಾರು 8 ಕಿಲೋಮೀಟರ್ ಡಾಂಬರು ಇಲ್ಲ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಸಮುದ್ರಕ್ಕೆ ಇಳಿಜಾರು, ನಡುವೆ ಮೇಕೆಗಳು. ಕೊಡಚಾದ್ರಿಗೆ ಜೀಪಿನಲ್ಲಿ ಹೋದವರಿಗೆ ಇಂಥ ದಾರಿಯ ಅಂದಾಜು ಇರುತ್ತದೆ. ನಿಧಾನವಾಗೇ ಹೋಗಿ ಬಂದೆವು. ಬೀಚು ನಿಜಕ್ಕೂ ಚೆನ್ನಾಗಿದೆ, ಅದರ ಬಗ್ಗೆ ಎರಡು ಮಾತಿಲ್ಲ.

ಕಾರು ವಾಪಸ್ ಕೊಡುವಾಗ ಬೇರೆ ಆಸಾಮಿ ಇದ್ದ. ಬಾಗಿಲು, ಬಂಪರ್, ಗಾಜು ಯಾವುದನ್ನೂ ಸರಿಯಾಗಿ ನೋಡಲಿಲ್ಲ. ನೇರವಾಗಿ ಮಂಡಿಯೂರಿ, ಮೊಬೈಲ್ ಟಾರ್ಚ್ ಹಾಕಿ, ಗಾಡಿಯ ಕೆಳಗೆ ಕೈ ಬಿಟ್ಟು ಫೋಟೋ ತೆಗೆದ. ಇಂಜಿನ್ ಕೆಳಗಿನ ಪ್ಲಾಸ್ಟಿಕ್ ತಟ್ಟೆಯ ಮೇಲೆ ಗೀರುಗಳಿದ್ದವು. ಕೆಲವು ಗೀರುಗಳ ಒಳಗೆ ಹಳೇ ಕಪ್ಪು ಜಿಡ್ಡು ಕೂತಿತ್ತು. ಅದನ್ನು ತೋರಿಸಿದರೂ ಕೇಳಲಿಲ್ಲ. ಆ 740 ಯೂರೋ ಎಳೆದುಕೊಂಡಿದ್ದು ಈ ಗೀರುಗಳಿಗೇ. ಕಾರು ತಗೊಳ್ಳುವಾಗ ನಾಲ್ಕೂ ಕಡೆ ವಿಡಿಯೋ ಮಾಡಿದ್ದೆವು, ಆದರೆ ಗಾಡಿಯ ಹೊಟ್ಟೆ ಅದರಲ್ಲಿ ಬರುತ್ತದಾ? ವಿಮಾನಕ್ಕೆ ಹೊತ್ತಾಗುತ್ತಿತ್ತು. ನಿಂತು ಜಗಳ ಆಡುವ ಹಾಗೂ ಇರಲಿಲ್ಲ.

ಊರಿಗೆ ಬಂದು ಬುಕಿಂಗ್ ಸೈಟಿನ ಇನ್ಶೂರೆನ್ಸಿಗೆ ಅರ್ಜಿ ಹಾಕಿದೆವು. ಅವರ ಪಾಲಿಸಿಯಲ್ಲಿ ಅಡಿಭಾಗವೂ ಸೇರಿತ್ತು. ಆದರೂ, ಡಾಂಬರಿಲ್ಲದ ರಸ್ತೆಗೆ ಹೋಗಿ ಬಾಡಿಗೆಯ ಷರತ್ತು ಮುರಿದಿದ್ದೀರಿ ಅಂತ ತಳ್ಳಿಹಾಕಿದರು. ಎರಡು ಕಡೆ ಇನ್ಶೂರೆನ್ಸಿಗೆ ದುಡ್ಡು ಕಟ್ಟಿಯೂ ಪೈಸೆ ಸಿಗಲಿಲ್ಲ ಅಂದರೆ ಹೊಟ್ಟೆ ಉರಿಯಲ್ವಾ? ಈಗ ಬ್ಯಾಂಕಿನಲ್ಲಿ ತಕರಾರು ಹಾಕಿದ್ದೇವೆ. ಅವರು ಕೇಳುತ್ತಿರುವುದೂ ಬರವಣಿಗೆಯ ಪುರಾವೆಯನ್ನೇ.

ಆದ್ದರಿಂದ ಕೌಂಟರಿನಲ್ಲಿ ಯಾರೇ ಏನೇ ಹೇಳಲಿ, ಅದನ್ನು ಈಮೇಲಿನಲ್ಲಿ ಬರೆದು ಕಳಿಸಿ ಅನ್ನಿ. ಕಳಿಸಲಿಲ್ಲ ಅಂದರೆ ಅವರು ಹೇಳಿಲ್ಲ ಅಂತಲೇ ಲೆಕ್ಕ. ಷರತ್ತುಗಳಲ್ಲಿ 'ಅನ್‌ಪೇವ್ಡ್' (ಡಾಂಬರಿಲ್ಲದ ರಸ್ತೆ), 'ಅಂಡರ್‌ಕ್ಯಾರೇಜ್' (ಗಾಡಿಯ ಅಡಿಭಾಗ) ಅನ್ನುವ ಎರಡು ಪದ ಹುಡುಕಿ. ಕಾರು ತಗೊಳ್ಳುವಾಗ ಫೋನನ್ನು ನೆಲಕ್ಕಿಟ್ಟು ಅಡಿಭಾಗದ ವಿಡಿಯೋ ಮಾಡಿ, ಅಲ್ಲೇ ನಿಂತು ಅವರಿಗೆ ಮೇಲ್ ಮಾಡಿ. ಆರ್‌ಟಿಓದಿಂದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳದೆ ಹೋಗಲೇಬೇಡಿ. ಅದಿಲ್ಲದೆ ಅಪಘಾತವಾದರೆ ಇನ್ಶೂರೆನ್ಸಿನವರಿಗೆ ಇನ್ನೊಂದು ನೆಪ ಸಿಕ್ಕಂತೆ. ಕಾರ್ಡ್ ಉಜ್ಜುವಾಗ ಮೆಷಿನ್ ರೂಪಾಯಿನಾ ಯೂರೋನಾ ಅಂತ ಕೇಳಿದರೆ ಯೂರೋ ಅಂತಲೇ ಒತ್ತಿ. ರೂಪಾಯಿ ಒತ್ತಿದರೆ ಸಾಮಾನ್ಯವಾಗಿ ಜಾಸ್ತಿ ದರ ಹಾಕುತ್ತಾರೆ.

ಇನ್ನು ಬಾಲೋಸ್ ನೋಡಲೇಬೇಕು ಅನ್ನುವವರಿಗೆ ಕಿಸ್ಸಾಮೋಸ್ ಬಂದರಿನಿಂದ ಸೀಸನ್ನಿನಲ್ಲಿ ಬೋಟು ಹೋಗುತ್ತದೆ. ಗಾಳಿ ಜೋರಾಗಿದ್ದ ದಿನ ಬಿಡುವುದಿಲ್ಲ, ಅದಕ್ಕೆ ಪ್ರವಾಸದ ಕೊನೇ ದಿನಕ್ಕೆ ಇಟ್ಟುಕೊಳ್ಳಬೇಡಿ. ಕಾರನ್ನು ಬಂದರಿನಲ್ಲೇ ನಿಲ್ಲಿಸಿ ಹೋಗಿ.