ಅಡಿಕೆ ಲೆಕ್ಕಕ್ಕೆ ಅಪಾಚೆ ಏರ್‌ಫ್ಲೋ: ಬಹುಕಾಲ ಬಳಸಿದ ಮೇಲೆ

ಶಿರಸಿಯಲ್ಲಿ ಅಡಿಕೆ ವ್ಯಾಪಾರದ ಲೆಕ್ಕ ನೋಡುವ ಸಣ್ಣ ಕಚೇರಿಯೊಂದರ ತಂತ್ರಾಂಶ ನೋಡಿಕೊಳ್ಳುವುದು ನನ್ನ ಕೆಲಸ. ದಿನದ ಟೆಂಡರು ಮುಗಿದ ಮೇಲೆ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು ಎಂಬ ಅಡಿಕೆ ಬಗೆಗಳ ಧಾರಣೆಯ ಫೈಲು ಬರುತ್ತದೆ. ಅದನ್ನು ಓದಿ, ಲಾಟ್ ಸಂಖ್ಯೆಗೆ ಹೊಂದಿಸಿ, ಬೆಳೆಗಾರರ ಖಾತೆಗೆ ಜಮಾ ಹಾಕಿ, ಕೊನೆಗೆ ಅವರ ಮೊಬೈಲಿಗೆ ಮೆಸೇಜು ಕಳಿಸಬೇಕು. ಇದೆಲ್ಲ ಹಿನ್ನೆಲೆಯಲ್ಲಿ ನಡೆಯುವ ಕೆಲಸ. ಸರಿಯಾಗಿ ನಡೆದರೆ ಯಾರಿಗೂ ಗೊತ್ತಾಗುವುದಿಲ್ಲ. ನಿಂತರೆ ಮಾತ್ರ ಬೆಳಿಗ್ಗೆಯೇ ಫೋನು: "ತಮ್ಮಾ, ನಿನ್ನೆ ಬಿಟ್ಟ ಚಾಲಿ ಲೆಕ್ಕ ಇನ್ನೂ ಬಂಜಿಲ್ಲೆ, ಎಂತಾತು?"

ಈ "ಎಂತಾತು" ಎನ್ನುವುದಕ್ಕೆ ಕೂಡಲೇ ಉತ್ತರ ಕೊಡುವ ವಿಷಯದಲ್ಲಿ, ಇಂಥ ಕೆಲಸಗಳನ್ನು ಹೊತ್ತಿಗೆ ಓಡಿಸಿ ಅವುಗಳ ಸ್ಥಿತಿ ತೋರಿಸುವ ಏರ್‌ಫ್ಲೋ ತಂತ್ರಾಂಶಕ್ಕೆ ನಾನು ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಉಳಿದ ಒಂದನ್ನು ಯಾಕೆ ಕಳೆದೆ ಎಂಬುದೇ ಈ ಬರಹದ ಹೆಚ್ಚು ಭಾಗ.

ಮೊದಲು ನಮ್ಮಲ್ಲಿ ಇದ್ದದ್ದು ಕ್ರಾನ್ ಎಂಬ, ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಸರಳ ಸಾಧನ. ಹೊತ್ತಿಗೆ ಸರಿಯಾಗಿ ಓಡಿಸುವುದರಲ್ಲಿ ಅದಕ್ಕೆ ಏನೂ ಹೇಳುವ ಹಾಗಿಲ್ಲ, ಆದರೆ ಓಡಿದ್ದು ಏನಾಯಿತು ಎಂದು ಕೇಳಿದರೆ ನಡೆದದ್ದರ ದಾಖಲೆಯಾದ ಲಾಗ್ ಫೈಲು ತೆರೆದು ಹುಡುಕಬೇಕು. ಏರ್‌ಫ್ಲೋ 2014ರಲ್ಲಿ ಏರ್‌ಬಿಎನ್‌ಬಿ ಕಂಪನಿಯೊಳಗೆ ಹುಟ್ಟಿ, 2019ರಲ್ಲಿ ಮುಕ್ತ ತಂತ್ರಾಂಶ ಸಂಸ್ಥೆ ಅಪಾಚೆಯ ಪೂರ್ಣ ಯೋಜನೆಯಾದದ್ದು. ಉಚಿತ, ಮುಕ್ತ ತಂತ್ರಾಂಶ. ಕೆಲಸವನ್ನು ಹಂತಹಂತವಾಗಿ ಪೈಥಾನ್‌ನಲ್ಲಿ ಬರೆದುಕೊಟ್ಟರೆ, ಪ್ರತಿ ದಿನಕ್ಕೆ ಒಂದು ಕಂಬಸಾಲು, ಪ್ರತಿ ಹಂತಕ್ಕೆ ಒಂದು ಚೌಕ ಎಂಬಂತೆ ಪರದೆಯ ಮೇಲೆ ತೋರಿಸುತ್ತದೆ. 2022ರಲ್ಲಿ 2.3ನೇ ಆವೃತ್ತಿಯಲ್ಲಿ ಬಂದ ಈ ಗ್ರಿಡ್ ನೋಟ ಒಂದಕ್ಕೇ ಏರ್‌ಫ್ಲೋ ಹಾಕಿಕೊಳ್ಳಬಹುದು. ಕೆಂಪು ಚೌಕ ಎಂದರೆ ಕೆಟ್ಟ ಹಂತ. ಅದರ ಕೆಳಗಿನ ಕಿತ್ತಳೆ ಚೌಕಗಳು ತಾವು ಕೆಟ್ಟವಲ್ಲ, ಮೇಲಿನದು ಕೆಟ್ಟಿದ್ದರಿಂದ ಓಡದೇ ಉಳಿದವು. ಕೆಂಪಿನ ಮೇಲೆ ಒತ್ತಿದರೆ ಅದರದ್ದೇ ಲಾಗ್. ದೋಷ ಸರಿಮಾಡಿ 'ಕ್ಲಿಯರ್' ಒತ್ತಿದರೆ ಅಲ್ಲಿಂದ ಮುಂದಿನದಷ್ಟೇ ಮತ್ತೆ ಓಡುತ್ತದೆ. ಜಮಾ ಆದದ್ದು ಎರಡನೇ ಸಲ ಜಮಾ ಆಗುವ ಭಯ ಅರ್ಧಕ್ಕರ್ಧ ಕಡಿಮೆ.

ಕೆಂಪು ಸುಲಭ. ತಲೆ ತಿನ್ನುವುದು 'ರನ್ನಿಂಗ್' ಎಂಬ ಸ್ಥಿತಿ. 2ನೇ ಆವೃತ್ತಿಯಲ್ಲಿ ಅದಕ್ಕೆ ಎಳೆ ಹಸಿರು, ಮುಗಿದದ್ದಕ್ಕೆ ಕಡು ಹಸಿರು. ನಮ್ಮ ಕಚೇರಿಯ ಹಳೇ ಮಾನಿಟರಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. (ಬಣ್ಣ ಬದಲಿಸಿಕೊಳ್ಳಲು ಬರುತ್ತದೆ, ಮೊದಲ ದಿನವೇ ಬದಲಿಸಿ.) ಆದರೆ ಬಣ್ಣಕ್ಕಿಂತ ದೊಡ್ಡ ತೊಡಕು ಬೇರೆ. ಆಷಾಢದಲ್ಲಿ ಇಲ್ಲಿ ಮರ ಬಿದ್ದು ಕರೆಂಟು ಹೋಗುವುದು ಸುದ್ದಿಯೇ ಅಲ್ಲ. ಯುಪಿಎಸ್ ಕೂಡ ಕೈಕೊಟ್ಟು ಕೆಲಸ ನಡುವೆಯೇ ಸತ್ತರೂ, ಮಷೀನು ಮತ್ತೆ ಎದ್ದಾಗ ಪರದೆ 'ರನ್ನಿಂಗ್' ಎಂದೇ ಹೇಳುತ್ತಿರುತ್ತದೆ. ಜೀವಂತ ಇದ್ದೇನೆ ಎಂಬ ಸುಳಿವು 300 ಸೆಕೆಂಡು ಬರದಿದ್ದರೆ ಮಾತ್ರ ಕೆಲಸ ಹಂಚುವ ಶೆಡ್ಯೂಲರು ಅದನ್ನು ಸತ್ತದ್ದೆಂದು ಲೆಕ್ಕ ಹಾಕುತ್ತದೆ. ಆ ಐದು ನಿಮಿಷ ಸುಮ್ಮನಿರಿ, ಏನನ್ನೂ ಒತ್ತಬೇಡಿ. ಆಮೇಲೆ ತಾನಾಗಿ ಮತ್ತೆ ಓಡಬೇಕೆಂದಿದ್ದರೆ 'ರಿಟ್ರೈಸ್' (ಮರುಪ್ರಯತ್ನ) ಸಂಖ್ಯೆಯನ್ನು ನೀವೇ ಬರೆದಿರಬೇಕು, ಮೂಲದಲ್ಲಿ ಅದು ಸೊನ್ನೆ.

ಇನ್ನೊಂದು 'ರನ್ನಿಂಗ್' ಸುಮ್ಮನೆ ಕಾಯುತ್ತಾ ಕುಳಿತದ್ದು. ಫೈಲು ಬಂತೇ ಎಂದು ನೋಡುವ ಸೆನ್ಸರು ಏನೂ ಹೇಳದಿದ್ದರೆ 7 ದಿನ ಕಾಯುತ್ತದೆ, ಅಷ್ಟೂ ದಿನ ಕೆಲಸ ಓಡಿಸುವ ಒಂದು ವರ್ಕರಿನ ಜಾಗ ಹಿಡಿದುಕೊಂಡು. ಮಾರಿಕಾಂಬಾ ಜಾತ್ರೆಯ ಸಮಯದಲ್ಲೋ ದೀಪಾವಳಿಯಲ್ಲೋ ವ್ಯಾಪಾರ ಇಲ್ಲದ ದಿನಗಳು ಒಟ್ಟೊಟ್ಟಿಗೆ ಬಂದರೆ ಕಾಯುವವೇ ತುಂಬಿಕೊಂಡು ಬೇರೆ ಕೆಲಸಕ್ಕೆ ಜಾಗವೇ ಇರುವುದಿಲ್ಲ. ನಾನು ಗಡುವನ್ನು ಮೂರು ತಾಸಿಗೆ ಇಳಿಸಿ, ಕಾಯುವ ನಡುವೆ ಜಾಗ ಬಿಟ್ಟುಕೊಡುವ 'ರೀಶೆಡ್ಯೂಲ್' ಮೋಡ್‌ಗೆ ಹಾಕಿ, ಗಡುವು ಮೀರಿದರೆ ಕೆಟ್ಟದ್ದೆನ್ನದೆ ಬಿಟ್ಟದ್ದೆಂದು ತೋರಿಸುವ 'ಸಾಫ್ಟ್ ಫೇಲ್' ಕೊಟ್ಟಿದ್ದೇನೆ. ಈಗ ರಜೆಯ ದಿನ ಚೌಕ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಧಾರಣೆ ಇರಲಿಲ್ಲ ಎಂದು ಲೆಕ್ಕದವರೂ ಓದಿಕೊಳ್ಳುತ್ತಾರೆ.

ಹೊತ್ತಿನ ಗೋಳು ಬೇರೆ. ಏರ್‌ಫ್ಲೋ ಯುಟಿಸಿ ಎಂಬ ಜಾಗತಿಕ ಕಾಲಮಾನದ ಗಡಿಯಾರದಲ್ಲಿ ಬದುಕುತ್ತದೆ. ಸಂಜೆ 6ಕ್ಕೆ ಎಂದು ಬರೆದರೆ ನಮ್ಮಲ್ಲಿ ರಾತ್ರಿ 11:30ಕ್ಕೆ ಓಡುತ್ತದೆ. ಪರದೆಯ ಮೂಲೆಯಲ್ಲಿ ಗಡಿಯಾರ ಬದಲಿಸಿದರೆ ಕಾಣುವ ಹೊತ್ತು ಮಾತ್ರ ಬದಲಾಗುತ್ತದೆ. ಓಡುವ ಹೊತ್ತು ಬದಲಾಗಬೇಕೆಂದರೆ ಕೋಡಿನ ಆರಂಭದ ದಿನಾಂಕಕ್ಕೇ ಭಾರತದ ಕಾಲವಲಯ ಕೊಡಬೇಕು. ಸಾಲದ್ದಕ್ಕೆ 2ನೇ ಆವೃತ್ತಿಯಲ್ಲಿ ಮಂಗಳವಾರ ಸಂಜೆ ಓಡಿದ ದಿನವಹಿ ಕೆಲಸದ ಮೇಲೆ ಸೋಮವಾರದ ತಾರೀಖು ಇರುತ್ತದೆ, ಯಾಕೆಂದರೆ ಅದು ಲೆಕ್ಕ ಹಿಡಿಯುವುದು ಅವಧಿ ಶುರುವಾದ ದಿನವನ್ನು. ಇದರ ಹಿಂದಿನ ತರ್ಕ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. 2025ರಲ್ಲಿ ಬಂದ 3ನೇ ಆವೃತ್ತಿಯಲ್ಲಿ ಈ ರೂಢಿಯನ್ನು ಬದಲಿಸಿದ್ದಾರೆ, ಒಳ್ಳೆಯದಾಯಿತು.

ಒಂದು ಅಂಕ ಕಳೆದದ್ದು ಇದಕ್ಕೆಲ್ಲ ಅಲ್ಲ, ಕಡು ಹಸಿರಿಗೆ. ಒಂದು ದಿನ ಧಾರಣೆಯ ಫೈಲಿನಲ್ಲಿ ತಲೆಬರಹದ ಸಾಲು ಮಾತ್ರ ಬಂತು, ಕೆಳಗೆ ಖಾಲಿ. ಏರ್‌ಫ್ಲೋ ಅದನ್ನು ಓದಿತು, ಸೊನ್ನೆ ಲಾಟ್ ಹೊಂದಿಸಿತು, ಯಾರಿಗೂ ಏನೂ ಜಮಾ ಮಾಡಲಿಲ್ಲ, ಎಲ್ಲ ಚೌಕವೂ ಹಸಿರು. ತಪ್ಪೆಂದು ಹೇಳಲಾಗದು: ಹಸಿರಿನ ಅರ್ಥ ಕೋಡು ದೋಷವಿಲ್ಲದೆ ಮುಗಿಯಿತು ಎಂದಷ್ಟೇ. ಆದರೆ ನೋಡುವವರು ಲೆಕ್ಕ ಸರಿಯಾಯಿತು ಎಂದೇ ಓದುತ್ತಾರೆ. ಹಾಗಾಗಿ ಮೆಸೇಜು ಕಳಿಸುವ ಮೊದಲು ಒಂದು ಹಂತ ಸೇರಿಸಿದೆ. ಫೈಲಿನಲ್ಲಿದ್ದ ಒಟ್ಟು ಕ್ವಿಂಟಲ್, ಖಾತೆಗಳಿಗೆ ಏರಿದ ಒಟ್ಟು ಕ್ವಿಂಟಲ್ ಎರಡನ್ನೂ ತಾಳೆ ನೋಡುತ್ತದೆ. ಹೊಂದದಿದ್ದರೆ, ಅಥವಾ ಸೊನ್ನೆಯಾದರೆ, ಬೇಕೆಂದೇ ದೋಷ ಎಬ್ಬಿಸಿ ಕೆಂಪಾಗುತ್ತದೆ. ಈ ತಾಳೆಯನ್ನು ಏರ್‌ಫ್ಲೋ ತಾನಾಗಿ ಮಾಡಿಕೊಡದು. ಹಿನ್ನೆಲೆ ಕೆಲಸ ತೋರಿಸುವ ಬೇರೆ ಯಾವ ಸಾಧನವೂ ಮಾಡಿಕೊಡದು ಅನ್ನಿ, ಆದರೂ ಇಷ್ಟು ಭಾರದ ತಂತ್ರಾಂಶ ಹೊಸಬರಿಗೆ ಅದನ್ನು ಇನ್ನೂ ಗಟ್ಟಿಯಾಗಿ ಹೇಳಬಹುದಿತ್ತು.

ಭಾರ ಎಂದದ್ದು ಸುಮ್ಮನೆ ಅಲ್ಲ. ತಂತ್ರಾಂಶವನ್ನು ಪೆಟ್ಟಿಗೆ ಕಟ್ಟಿದಂತೆ ಓಡಿಸುವ ಡಾಕರಿನಲ್ಲಿ ಹಾಕುವುದಾದರೆ ಕನಿಷ್ಠ 4 ಜಿಬಿ ಮೆಮೊರಿ, ಸಾಧ್ಯವಾದರೆ 8 ಕೊಡಿ ಎಂದು ಅವರೇ ಬರೆದಿದ್ದಾರೆ. ವಿಂಡೋಸ್‌ನಲ್ಲಿ ನೇರವಾಗಿ ನಡೆಯದು, ಡಾಕರೋ, ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ಲೋ ಬೇಕು. ದಿನಕ್ಕೆ ಎರಡು ಮೂರು ಕೆಲಸ, ಒಂದಕ್ಕೊಂದು ಸಂಬಂಧವಿಲ್ಲ ಎನ್ನುವವರು ಕ್ರಾನ್‌ಗೆ ಒಂದು ಇಮೇಲು ಸೇರಿಸಿಕೊಂಡು ನೆಮ್ಮದಿಯಾಗಿರಿ. ಹಂತಗಳು ಒಂದರ ಹಿಂದೆ ಒಂದು ನಿಂತಿರುವವರು, ನಡುವೆ ನಿಂತರೆ ಯಾರೋ ಫೋನು ಮಾಡುವವರಿದ್ದಾರೆ ಎನ್ನುವವರು ಹಾಕಿಕೊಳ್ಳಿ. ನಾವು 3ಕ್ಕೆ ಇನ್ನೂ ಏರಿಲ್ಲ. ಈ ಸಲದ ಕೊಯ್ಲು ಮುಗಿದು ಚಾಲಿ ಆವಕ ಇಳಿಯುವವರೆಗೆ ಆ ಸರ್ವರ್ ಮುಟ್ಟುವ ಯೋಚನೆಯೂ ಇಲ್ಲ.